ಕತ್ತು ನೋಡಿ ಹಕ್ಕಿ ತೋರಿಸುತ್ತಿದ್ದ ಹಾಲೇಶಪ್ಪ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವ ರೂಢಿಯುಳ್ಳವರೆಲ್ಲ ಹಾಲೇಶಪ್ಪನನ್ನು ಬಲ್ಲರು. ತಲೆಗೆ ಮಂಕಿ ಟೋಪಿ, ಮೈಗೆ ಮಿಲ್ಲಿನ ಕಾಲದ ಖಾಕಿ ಅಂಗಿ, ಎದೆಯ ಮೇಲೆ ಜೋತಾಡುವ ದುರ್ಬೀನು. ಒಂದು ಕೈಯಲ್ಲಿ ಚಹಾದ ಲೋಟ ಹಿಡಿದು ಇನ್ನೊಂದು ಕೈ ಬೀಸಿ, ಕಂಡವರನ್ನೆಲ್ಲ ಕರೆಯುತ್ತಿದ್ದ.

"ಬರ್ರೀ, ಹಕ್ಕಿ ನೋಡಾಕೆ ಬರ್ರೀ! ನಡೆಯೋದು ಒಂದಿಷ್ಟು, ಕೂತು ಮಾತಾಡೋದು ಒಂದಿಷ್ಟು, ಆಮೇಲೆ ಮಂಡಕ್ಕಿ ಮೆಣಸಿನಕಾಯಿ."

"ಮಂಡಕ್ಕಿ ಮೊದ್ಲು ಕೊಡಂಗಿದ್ರೆ ಬರ್ತೀನಿ ಕಣಣ್ಣಾ" ಎಂದು ಯಾರೋ ಅನ್ನುವರು. ಹಾಲೇಶಪ್ಪ ನಗುವನು. ಅವರು ಏನಂದರೆಂಬುದು ಅವನಿಗೆ ಕೇಳಿಸಿರುತ್ತಿರಲಿಲ್ಲ. ಮುಖ ನೋಡಿ, ಇದು ನಗುವ ಮಾತೆಂದು ತಿಳಿದು ನಗುತ್ತಿದ್ದ. ಆ ಸಂಗತಿ ಊರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆಕೆ ಅವನ ಹೆಂಡತಿ ನಾಗರತ್ನ.

ಹಾಲೇಶಪ್ಪ ಮೀಸೆ ಚಿಗುರುವ ವಯಸ್ಸಿಗೇ ಎಣ್ಣೆ ಮಿಲ್ಲಿಗೆ ಸೇರಿದವನು. ಶೇಂಗಾ ಸುಲಿಯುವ ಯಂತ್ರದ ಪಕ್ಕದಲ್ಲಿ ನಿಂತು ಅವನ ಆಯುಷ್ಯದ ಬಹುಪಾಲು ಕಳೆಯಿತು. ತಗಡಿನ ಮಾಡು, ತಗಡಿನ ಗೋಡೆ, ಒಳಗೆ ಯಂತ್ರಗಳ ಅಬ್ಬರ. ಒಬ್ಬರ ಕಿವಿಯಲ್ಲಿ ಇನ್ನೊಬ್ಬರು ಬಾಯಿಟ್ಟು ಕಿರುಚಿದರೂ ಅರ್ಧ ಮಾತು ಸಿಪ್ಪೆಯ ಜೊತೆ ಹಾರಿಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುವವರು ಕಿವಿಯನ್ನು ನಂಬುತ್ತಿರಲಿಲ್ಲ. ಹುಬ್ಬು ಹಾರಿಸಿದರೆ ಮೂಟೆ ತಾ ಎಂದು ಅರ್ಥ, ಗಲ್ಲ ಮೇಲೆತ್ತಿದರೆ ನಿಲ್ಲಿಸು ಎಂದು ಅರ್ಥ. ಎದುರಿನ ಸಾಲಿನವನ ಕತ್ತು ಥಟ್ಟನೆ ತಿರುಗಿತೆಂದರೆ ಆ ದಿಕ್ಕಿನಲ್ಲಿ ಯಾವುದೋ ಯಂತ್ರದ ಚಕ್ರದಿಂದ ಪಟ್ಟ ಜಾರಿದೆಯೆಂದು ತಿಳಿಯಬೇಕು, ತಿಳಿದು ಓಡಬೇಕು. ಹೀಗೆ ಜನರ ಕತ್ತನ್ನು ಓದುವುದು ಹಾಲೇಶಪ್ಪನಿಗೆ ಉಸಿರಾಟದಷ್ಟು ಸಹಜವಾಯಿತು. ಅದೇ ವೇಳೆಗೆ ಸಣ್ಣ ದನಿಗಳು ಒಂದೊಂದಾಗಿ ಅವನನ್ನು ಬಿಟ್ಟುಹೋದವು. ಮೊದಲು ಸೊಳ್ಳೆಯ ದನಿ ಹೋಯಿತು. ಆಮೇಲೆ ಹೆಂಡತಿಯ ಕಾಲುಂಗುರದ ಸದ್ದು. ಆಮೇಲೆ ಕುಕ್ಕರಿನ ಸೀಟಿ.

ಮಿಲ್ಲು ಮುಚ್ಚಿದ ಮೇಲೆ ಕೆಲವು ತಿಂಗಳು ಅವನು ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತ. ರಕ್ತದೊತ್ತಡದ ಮಾತ್ರೆಗೆಂದು ರಶ್ಮಿತಾಳ ಔಷಧಿ ಅಂಗಡಿಗೆ ಹೋಗುವುದೇ ಅವನ ದೊಡ್ಡ ತಿರುಗಾಟವಾಗಿತ್ತು. ಆ ಹುಡುಗಿ ಬಹಳ ಕಟ್ಟುನಿಟ್ಟಿನವಳು. ಚೀಟಿಯಲ್ಲಿ ಒಂದಕ್ಷರ ಅನುಮಾನ ಬಂದರೂ ಡಾಕ್ಟರಿಗೆ ಫೋನು ಮಾಡಿ ಕೇಳದೆ ಮಾತ್ರೆ ಕೊಡುವವಳಲ್ಲ. ಒಂದು ದಿನ ಹಾಲೇಶಪ್ಪ ಮಾತ್ರೆ ತೆಗೆದುಕೊಂಡ ಮೇಲೂ ಹೋಗದೆ, ಅಂಗಡಿಯ ಬೋರ್ಡಿನ ತಂತಿಗೆ ಜೋತುಬಿದ್ದ ಸೂರಕ್ಕಿಯ ಗೂಡನ್ನೇ ನೋಡುತ್ತ ನಿಂತಿದ್ದ. "ಅಣ್ಣಾ, ಭಾನುವಾರ ಬರ್ತೀರಾ? ನಾವೊಂದಿಷ್ಟು ಜನ ಹಕ್ಕಿ ನೋಡಾಕೆ ಊರಾಚೆ ಹುಲ್ಲಿನ ಕಾವಲಿಗೆ ಹೋಗ್ತೀವಿ" ಎಂದು ಅವಳು ಕರೆದಳು. ಹೀಗೆ ಅವನು ಬಯಲುಹಕ್ಕಿ ಬಳಗಕ್ಕೆ ಸೇರಿದ. ತಗಡಿನ ಕೆಳಗೆ ಬದುಕಿದ್ದ ಮನುಷ್ಯನಿಗೆ ಅರವತ್ತರ ಸಮೀಪದಲ್ಲಿ ಆಕಾಶ ಸಿಕ್ಕಿತು.

ಮೊದಲ ನಡಿಗೆಯಲ್ಲಿಯೇ ಆ ತಪ್ಪು ಆರಂಭವಾಯಿತು. ಕಾವಲಿನ ಹುಲ್ಲಿನಲ್ಲಿ ನಡೆಯುತ್ತಿದ್ದಾಗ ಎಲ್ಲರ ಕತ್ತೂ ಒಮ್ಮೆಲೇ ಬಲಕ್ಕೆ ತಿರುಗಿತು. ಪಟ್ಟ ಜಾರಿತೆಂಬ ಹಳೆಯ ಗಾಬರಿಯಲ್ಲಿ ಹಾಲೇಶಪ್ಪನೂ ಅತ್ತ ತಿರುಗಿದ. ಅವನ ಕಣ್ಣು ಗಿಡುಗನ ಕಣ್ಣು. ಒಣಹುಲ್ಲಿನ ನಡುವೆ ಮಣ್ಣಿನ ಬಣ್ಣದ ನೆಲಗುಬ್ಬಿ ಕುಳಿತಿದ್ದುದು ಉಳಿದವರಿಗಿಂತ ಮೊದಲು ಅವನಿಗೇ ಕಂಡಿತು. "ಅಗೋ" ಎಂದು ಬೆರಳು ತೋರಿಸಿದ. "ಏನು ಕಿವೀನಪ್ಪಾ ಹಾಲೇಶಣ್ಣಂದು! ಕೂಗೋದ್ರೊಳಗೆ ಹಿಡಿದುಬಿಟ್ರು" ಎಂದು ಎಲ್ಲರೂ ಬೆರಗಾದರು.

ಆಗಲೇ "ಕಿವಿಯಲ್ಲಪ್ಪಾ, ಕಣ್ಣು" ಎಂದುಬಿಡಬಹುದಿತ್ತು. ಅನ್ನಲಿಲ್ಲ. ಮಿಲ್ಲಿನಲ್ಲಿ ಯಾರೂ ಅವನನ್ನು ಹೊಗಳಿದ್ದಿಲ್ಲ. ಹೊಗಳಿದ್ದರೂ ಕೇಳಿಸುತ್ತಿರಲಿಲ್ಲ.

ದಿನ ಕಳೆದಂತೆ ಅವನೇ ನಡಿಗೆಯ ಮುಂದಾಳಾದ. "ಹಾಲೇಶಣ್ಣ ಬಂದ್ರಾ?" ಎಂದು ಕೇಳಿಯೇ ಬಳಗ ಹೆಜ್ಜೆ ಕೀಳುತ್ತಿತ್ತು. ಆದರೆ ಮುಂದೆ ನಡೆಯುವವನಿಗೆ ಹಿಂದಿನವರ ಕತ್ತು ಕಾಣುವುದಿಲ್ಲವಲ್ಲ! ಅದಕ್ಕೆ ಅವನು ಒಂದು ಉಪಾಯ ಕಂಡುಕೊಂಡ. ಜನರ ಕಡೆಗೆ ಮುಖ ಮಾಡಿ, ಮಾತನಾಡುತ್ತ, ಹಿಮ್ಮುಖವಾಗಿ ನಡೆಯತೊಡಗಿದ. ಇದು ದೊಡ್ಡ ಉಪಾಧ್ಯಾಯರ ಪದ್ಧತಿಯಿರಬೇಕೆಂದು ಹೊಸಬರು ತಿಳಿದರು. ಎರಡು ಸಲ ಕಳ್ಳಿಯ ಬೇಲಿಗೆ ಬೆನ್ನು ಕೊಟ್ಟ. ಒಮ್ಮೆ ನಾಯಕನಹಟ್ಟಿ ಕೆರೆಯ ಅಂಚಿನ ಕೆಸರಿನಲ್ಲಿ ಕುಳಿತೇಬಿಟ್ಟ. ಆದರೂ ಪದ್ಧತಿ ಬಿಡಲಿಲ್ಲ.

ಮನೆಯಲ್ಲಿ ನಾಗರತ್ನ ಮಾತ್ರ ಚುಚ್ಚುವಳು. "ಕುಕ್ಕರ್ ಕೂಗಿ ಕೂಗಿ ತಳ ಹಿಡಿದರೂ ಗೊತ್ತಾಗಲ್ಲ. ಕಾವಲಿನಾಗೆ ಗುಬ್ಬಿ ಉಸ್ಸಂದ್ರೆ ಗೊತ್ತಾಗ್ತೈತಂತೆ! ಅವರಿಗೆ ಹೇಳಿಬಿಡ್ರಿ ಅತ್ತಗೆ."

"ಏನಂತ ಹೇಳ್ಲಿ?"

"ಕೇಳ್ಸಲ್ಲ ಅಂತ."

"ಹೇಳಿದ್ರೆ ಮುಗೀತು. ಮದುವೆ ಮನೆಯಾಗೆ ಅಜ್ಜನ್ನ ಕೂರ್ಸಿದಂಗೆ ಕುರ್ಚಿ ಹಾಕಿ ಕೂರಿಸ್ತಾರೆ. 'ನೀವು ಇಲ್ಲೇ ಇರ್ರಿ, ನಾವು ನೋಡ್ಕಂಡ್ ಬರ್ತೀವಿ' ಅಂತಾರೆ."

ಅವನ ಭಯವೆಲ್ಲ ಅಷ್ಟೇ. ಅವರು ಬೈಯುತ್ತಾರೆಂಬ ಭಯವಲ್ಲ. ಕನಿಕರದಿಂದ ಹಿಂದಕ್ಕೆ ಕಳುಹಿಸಿಬಿಡುತ್ತಾರೆಂಬ ಭಯ. ಆಮೇಲೆ ಒಂದು ಭಾನುವಾರ ಕರೆಯುವುದನ್ನೂ ಮರೆಯುತ್ತಾರೆಂಬ ಭಯ.

ಹೀಗಿರುವಾಗ ಈ ಪುಷ್ಯ ಮಾಸದಲ್ಲಿ ಮೊಳಕಾಲ್ಮೂರು ಕಡೆಯ ಹಕ್ಕಿಪ್ರಿಯರಿಂದ ಆಹ್ವಾನ ಬಂತು. ಅವರ ಮುಖಂಡ ಕೊಂಡ್ಲಹಳ್ಳಿಯ ರೈತ ದೊಡ್ಡಪಾಲಯ್ಯ. ಜಟಿಂಗ ರಾಮೇಶ್ವರದ ಬೆಟ್ಟವನ್ನು ಎರಡೂ ಊರಿನವರು ಕೂಡಿ ಹತ್ತಬೇಕು, ಹಳದಿ ಕೊರಳಿನ ಪಿಕಳಾರವನ್ನು ಹುಡುಕಬೇಕು, ಹತ್ತಿದ ಮೇಲೆ ಗುಡಿಯ ಮುಂದೆ ಕುಳಿತು ಹಾಲೇಶಪ್ಪನ ಮಾತು ಕೇಳಬೇಕು ಎಂದು ಅವನೇ ಎಲ್ಲವನ್ನೂ ಗೊತ್ತುಮಾಡಿದ್ದ. ಮಾತಿನ ವಿಷಯವನ್ನೂ ಅವನೇ ಆರಿಸಿದ್ದ: ದನಿಯಿಂದ ಹಕ್ಕಿಯನ್ನು ಗುರುತಿಸುವುದು ಹೇಗೆ.

ವಿಷಯ ತಿಳಿದ ದಿನ ಹಾಲೇಶಪ್ಪ ಮೊಣಕಾಲು ನೀವಿಕೊಳ್ಳಲಾರಂಭಿಸಿದ.

"ನೋವು ಮೊಣಕಾಲಿಂದಲ್ಲ" ಎಂದಳು ನಾಗರತ್ನ. ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ. ಗೋಡೆಯ ಕಡೆಗೆ ತಿರುಗಿದರೆ ಅವಳ ತುಟಿ ಕಾಣುತ್ತಿರಲಿಲ್ಲ, ಆದ್ದರಿಂದ ಅವಳ ಮಾತೂ ಇರುತ್ತಿರಲಿಲ್ಲ.

ಆ ಭಾನುವಾರ ಚಿತ್ತಪ್ಪನ ಟೆಂಪೊದಲ್ಲಿ ಎಲ್ಲರೂ ಹೊರಟರು. ಚಿತ್ತಪ್ಪ ವಾರವೆಲ್ಲ ಈರುಳ್ಳಿ ಮೂಟೆ ಸಾಗಿಸುವವನು, ಭಾನುವಾರ ಬಳಗವನ್ನು ಸಾಗಿಸುವವನು. ಗಾಳಿಗೆ ಈರುಳ್ಳಿ ಸಿಪ್ಪೆ ಹಾರಿ ಎಲ್ಲರ ತಲೆಯ ಮೇಲೂ ಕೂರುತ್ತಿತ್ತು. ಕಾಲೇಜು ಓದುವ ದೀಪಿಕಾ ಸಿಪ್ಪೆ ಆರಿಸಿಕೊಳ್ಳುತ್ತ, "ಅಕ್ಕಾ, ಆ ಪಿಕಳಾರ ಸಿಗೋದು ಅಷ್ಟು ಕಷ್ಟನಾ?" ಎಂದು ರಶ್ಮಿತಾಳನ್ನು ಕೇಳಿದಳು.

"ಬಂಡೆಗಳ ನಡುವೆ ಅಡಗಿ ಕೂರೋ ನಾಚಿಕೆ ಹಕ್ಕಿ ಅದು. ಮೊದ್ಲು ಕಿವಿಗೆ ಸಿಗಬೇಕು, ಆಮೇಲೆ ಕಣ್ಣಿಗೆ" ಎಂದಳು ರಶ್ಮಿತಾ. ಆಮೇಲೆ ಎದುರು ಕುಳಿತಿದ್ದ ಹಾಲೇಶಪ್ಪನ ಕಡೆಗೆ ಬಾಗಿ, "ಅದಕ್ಕೇ ಇವತ್ತು ನೀವು ನಮ್ಮ ಜೊತೆ ಇರೋದು ಪುಣ್ಯ ಹಾಲೇಶಣ್ಣ" ಎಂದಳು. ಅವಳ ತುಟಿಯ ಮೇಲಿನ ಈ ಮಾತನ್ನು ಅವನು ಪೂರ್ತಿಯಾಗಿ ಓದಿಕೊಂಡ. ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

ಬೆಟ್ಟದ ಬುಡದಲ್ಲಿ ದೊಡ್ಡಪಾಲಯ್ಯ ತನ್ನವರೊಂದಿಗೆ ಕಾದಿದ್ದ. ಎತ್ತರದ ಆಳು, ಬಿಳಿ ಮೀಸೆ, ಕೊರಳಲ್ಲಿ ಮಗಳು ತಂದುಕೊಟ್ಟ ಹೊಸ ದುರ್ಬೀನು. ಹಾಲೇಶಪ್ಪ ಮೆಟ್ಟಿಲ ಮೇಲೆ ನಿಂತು ಜನರ ಕಡೆಗೆ ಮುಖ ತಿರುಗಿಸಿ ಹಿಮ್ಮುಖವಾಗಿ ಏರತೊಡಗಿದಾಗ ದೊಡ್ಡಪಾಲಯ್ಯನಿಗೆ ನಗು ತಡೆಯಲಾಗಲಿಲ್ಲ.

"ಏನ್ ಹಾಲೇಶಣ್ಣಾ, ಬೆಟ್ಟ ಇಳಿಯಾದು ಇನ್ನೂ ಹತ್ತಾದ್ಕೆ ಮುಂಚೆನೇ ಶುರು ಮಾಡಿದ್ರಾ?"

"ಎಲ್ರೂ ಬರ್ತಾ ಅವ್ರಾ ಅಂತ ನೋಡ್ಬೇಕಲ್ಲ ಪಾಲಯ್ಯ."

"ನಾವು ಬರ್ತೀವಿ ಬಿಡ್ರಿ. ನೀವು ಬೀಳ್ಬೇಡ್ರಿ."

ಬೆಟ್ಟದ ಮೈಯೆಲ್ಲ ಗುಂಡುಬಂಡೆ. ಬಂಡೆಗಳ ಸಂದಿಯಲ್ಲಿ ಸೀತಾಫಲದ ಗಿಡ, ಒಣಗಿದ ಬಾದೆಹುಲ್ಲು, ಅಲ್ಲಲ್ಲಿ ಒಂದು ಆಲದ ಸಸಿ. ಎಳೆಬಿಸಿಲು ಬಂಡೆಯ ನೆತ್ತಿಯನ್ನು ಮಾತ್ರ ಮುಟ್ಟಿತ್ತು. ಕಾಜಾಣ, ಹರಟೆಮಲ್ಲ, ಒಂದು ಜೋಡಿ ಚಂದ್ರಮುಕುಟ, ಇವನ್ನೆಲ್ಲ ಹಾಲೇಶಪ್ಪ ಕಣ್ಣಿನಿಂದಲೇ ಹಿಡಿದು ತೋರಿಸಿದ. ಮನಸ್ಸಿಗೆ ಸ್ವಲ್ಪ ಧೈರ್ಯ ಬಂತು. ಅರ್ಧ ದಾರಿಯಲ್ಲಿ ರಶ್ಮಿತಾ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದಳು.

"ಇಲ್ಲಿ ಸ್ವಲ್ಪ ಹೊತ್ತು ಯಾರೂ ಉಸಿರೆತ್ತಬಾರ್ದು. ಪಿಕಳಾರ ಇರೋ ಜಾಗ ಇದು."

ಎಲ್ಲರೂ ಕಲ್ಲಾದರು. ಹಾಲೇಶಪ್ಪ ಮೇಲಿನ ಮೆಟ್ಟಿಲಲ್ಲಿ ನಿಂತು ಅವರ ಕತ್ತುಗಳನ್ನು ನೋಡುತ್ತಿದ್ದ. ಯಾರೂ ಅಲುಗಲಿಲ್ಲ. ಗಾಳಿ ಬೀಸಿ ಸೀತಾಫಲದ ಎಲೆ ತೂಗಿದ್ದು ಕಂಡಿತು. ಆಮೇಲೆ ಥಟ್ಟನೆ ಸಾಲುಸಾಲಾಗಿ ಕತ್ತುಗಳು ಎಡಕ್ಕೆ, ಒಂದು ದೊಡ್ಡ ಬಂಡೆಯ ಕಡೆಗೆ ತಿರುಗಿದವು. ಅಷ್ಟು ಜನರ ಕತ್ತು ಅಷ್ಟು ಒಗ್ಗಟ್ಟಾಗಿ ತಿರುಗಿದ್ದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಸಂಶಯವೇ ಉಳಿಯಲಿಲ್ಲ.

ಅವನು ಬಂಡೆಯ ಕಡೆಗೆ ಬೆರಳು ಚಾಚಿ, ಕಣ್ಣರಳಿಸಿ ಪಿಸುಗುಟ್ಟಿದ. "ಅಗೋ! ಅದೇ! ಹಳದಿ ಕೊರಳಿಂದು! ಎಷ್ಟು ಇಂಪಾಗಿ ಹಾಡ್ತೈತೆ ಕೇಳ್ರಿ!"

ಯಾರೂ ದುರ್ಬೀನು ಎತ್ತಲಿಲ್ಲ. ಎಲ್ಲರೂ ಬಂಡೆಯನ್ನು ಬಿಟ್ಟು ಅವನನ್ನೇ ನೋಡತೊಡಗಿದರು. ದೀಪಿಕಾ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಸೆರಗು ಸೊಂಟಕ್ಕೆ ಬಿಗಿದ ಹೆಂಗಸೊಬ್ಬಳು ಮೇಲೆದ್ದು ಬಂದಳು. ಬೆಟ್ಟದ ಕೆಳಗಿನ ಹಟ್ಟಿಯ ಸೂರಮ್ಮ, ಮೇಕೆ ಮೇಯಿಸುವವಳು.

"ಯಾರ್ರಪ್ಪಾ ಅದು ನಿಂತಿರೋರು? ನನ್ನ ಮೇಕೆಮರಿ ಸಂದಿನಾಗೆ ಸಿಕ್ಕಂಡು ಅರಚಿ ಅರಚಿ ದನಿನೇ ಬಿದ್ದೋಗೈತೆ. ಅದನ್ನ ಹಾಡು ಕೇಳ್ದಂಗೆ ಕೇಳ್ತಾ ನಿಂತೀರಲ್ಲ, ಒಬ್ರಾರ ಬಂದು ಕೈ ಹಾಕ್ರಿ!"

ಬೆಟ್ಟವೇ ನಕ್ಕಂತಾಯಿತು. ಚಿತ್ತಪ್ಪ ಮೆಟ್ಟಿಲ ಮೇಲೆ ಕುಳಿತು ತೊಡೆ ತಟ್ಟಿಕೊಂಡ. ದೊಡ್ಡಪಾಲಯ್ಯ ಸೂರಮ್ಮನಿಗೆ ತೆಲುಗಿನಲ್ಲಿ, "ನೀ ಮೇಕಪಿಲ್ಲ ಪಿಟ್ಟ ಅಯಿಪೋಯಿಂದಿ ಸೂರಮ್ಮಾ" ಎಂದ. ನಿನ್ನ ಮೇಕೆಮರಿ ಹಕ್ಕಿಯಾಗಿಬಿಟ್ಟಿದೆ ಎಂದು ಅದರ ಅರ್ಥ.

"ಹಕ್ಕಿ ಆಗಿದ್ರೆ ಹಾರಿ ಬರ್ತಿತ್ತಲ್ಲ, ನಿಮ್ಮನ್ಯಾಕೆ ಕರೀತಿದ್ದೆ!" ಎಂದಳು ಸೂರಮ್ಮ.

ಚಿತ್ತಪ್ಪನೂ ದೊಡ್ಡಪಾಲಯ್ಯನೂ ಹೋಗಿ ಮರಿಯನ್ನು ಎಳೆದು ತೆಗೆದರು. ಹಾಲೇಶಪ್ಪನೂ ನಗುತ್ತಿದ್ದ. ಎಲ್ಲರೂ ನಗುವಾಗ ನಗುವುದು ಅವನಿಗೆ ಅಭ್ಯಾಸ. ಆದರೆ ಯಾತಕ್ಕೆ ನಗುತ್ತಿದ್ದಾರೆಂದು ಈ ಸಲ ಅವನಿಗೆ ತಡವಾಗಿ ತಿಳಿಯಿತು. ಸೂರಮ್ಮನ ತೋಳಿನಲ್ಲಿ ಮರಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದರ ದನಿ ಅವನಿಗೆ ಬರಲಿಲ್ಲ. ಅವನ ನಗು ಮುಖದ ಮೇಲೆ ಹಾಗೆಯೇ ಉಳಿದು ಒಣಗಿತು.

ನಗದೆ ಇದ್ದವಳು ರಶ್ಮಿತಾ ಒಬ್ಬಳೇ. ಅವಳು ಮೆಟ್ಟಿಲು ಹತ್ತಿ ಬಂದು ಅವನ ಎದುರಿಗೆ ನಿಂತಳು.

"ಹಾಲೇಶಣ್ಣ, ಆ ಮರಿ ಕೂಗಿದ್ದು ನಿಮಗೆ ಕೇಳಿಸ್ತಾ?"

ಅವನು ಅತ್ತಿತ್ತ ನೋಡಿದ. ಉತ್ತರ ಹೇಳಿಕೊಡುವ ಒಂದು ಕತ್ತೂ ಕಾಣಲಿಲ್ಲ. "ಟೋಪಿ ಅಡ್ಡ ಬಂತವ್ವಾ" ಎಂದ.

"ಈಗ್ಲೂ ಕೂಗ್ತೈತೆ. ಟೋಪಿ ತೆಗೀರಿ."

ತೆಗೆದ. ಕಿವಿಗೆ ಚಳಿ ತಾಗಿತು. ಮತ್ತೇನೂ ತಾಗಲಿಲ್ಲ.

"ಇಲ್ಲ" ಎಂದ.

"ಯಾವತ್ತಿಂದ?"

"ಮಿಲ್ಲಿನಾಗೆ ಇರುವಾಗ್ಲಿಂದ. ನಿಮ್ಮ ಮಾತು ತುಟಿ ನೋಡಿ ತಿಳ್ಕಂತೀನಿ. ಕಾಗೆ, ನವಿಲು ಕೇಳಿಸ್ತೈತೆ. ಸಣ್ಣವು ಇಲ್ಲ."

"ಹಂಗಾದ್ರೆ ಇಷ್ಟು ವರ್ಷ ನೀವು ತೋರ್ಸಿದ್ದು?"

"ನಿಮ್ಮೆಲ್ಲರ ಕತ್ತು ನೋಡಿ."

ರಶ್ಮಿತಾಳ ಮುಖ ಕೆಂಪಾಯಿತು. "ಹೋದ ಚಳಿಗಾಲದಾಗೆ ಕಾವಲಿನಾಗೆ ಒಂದು ದನಿ ಕೇಳ್ತು. ಯಾವುದು ಅಂತ ನಮಗೆ ಯಾರಿಗೂ ಗೊತ್ತಾಗ್ಲಿಲ್ಲ. ನೀವು ಒಂದು ಹೆಸರು ಹೇಳಿದ್ರಿ. ನಿಮ್ಮ ಮಾತು ನಂಬಿ ನಾನು ಬೇರೆ ಊರಿನವರಿಗೆಲ್ಲ ಹೇಳಿದೆ. ಅದು?"

"ಅದೂ ಊಹೆ, ಅವ್ವ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಪಕ್ಕಕ್ಕೆ ಸರಿದು ಅವನನ್ನು ದಾಟಿ ಮೇಲಕ್ಕೆ ಹೋದಳು. ಊಹೆಯ ಮೇಲೆ ಒಂದು ಮಾತ್ರೆಯನ್ನೂ ಕೊಡದವಳಿಂದ ಅವನು ಅಷ್ಟು ಕಾಲ ಊಹೆಯನ್ನು ಹಂಚಿಸಿದ್ದ. ಈ ವಿಚಾರ ಅವನಿಗೆ ಆಗ ಮೊದಲ ಸಲ ಹೊಳೆಯಿತು. ಅಲ್ಲಿಯವರೆಗೆ ಅವನು ತನ್ನ ಜಾಗದ ಬಗ್ಗೆ ಮಾತ್ರ ಯೋಚಿಸಿದ್ದ.

ಉಳಿದ ಮೆಟ್ಟಿಲುಗಳನ್ನು ಅವನು ಎಲ್ಲರ ಹಿಂದೆ ಹತ್ತಿದ. ಹಿಂದಿನಿಂದ ಎಲ್ಲರ ಬೆನ್ನು ಮಾತ್ರ ಕಾಣುತ್ತಿತ್ತು.

ಗುಡಿಯ ಮುಂದೆ ಹಾಸುಬಂಡೆಯ ಮೇಲೆ ಕಾಗದ ಹಾಸಿ ಮಂಡಕ್ಕಿ ಸುರಿದರು. ಎಲೆಗಳ ಮೇಲೆ ಹಂಚಿದ ಮೆಣಸಿನಕಾಯಿ ಬಜ್ಜಿ ಇನ್ನೂ ಬೆಚ್ಚಗಿತ್ತು. ಎಲ್ಲರೂ ತಿಂದರು. ಹಾಲೇಶಪ್ಪ ಮಾತಾಡಬೇಕಿದ್ದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅವನಿಗೆ ಮುಜುಗರವಾಗದಿರಲೆಂದು ಹಾಗೆ ಮಾಡಿದರು. ದೀಪಿಕಾ ತನ್ನ ಪಾಲಿನ ಬಜ್ಜಿಯನ್ನು ಅವನ ಎಲೆಗೆ ಹಾಕಿ, "ನೀವು ಇಲ್ಲೇ ನೆರಳಿನಾಗೆ ಕೂತ್ಕಳ್ರಿ ಅಂಕಲ್. ನಾವು ಆ ಕಡೆ ಬಂಡೆ ಮೇಲೆ ಒಂದು ಸುತ್ತು ನೋಡ್ಕಂಡ್ ಬರ್ತೀವಿ" ಎಂದಳು.

ಅವಳ ತುಟಿಯನ್ನು ಅವನು ಚೆನ್ನಾಗಿಯೇ ಓದಿದ. ಹೆದರಿದ್ದ ಮಾತು ಇಷ್ಟು ಮೆತ್ತಗೆ, ಬಜ್ಜಿಯ ಜೊತೆಗೆ ಬಂದಿತ್ತು. ಅವನು ಎದ್ದು ನಿಂತ.

"ಕೂತ್ಕಳಲ್ಲವ್ವಾ. ಇವತ್ತು ಮಾತಾಡೋ ಪಾಳಿ ನಂದು. ದನಿಯಿಂದ ಹಕ್ಕಿ ಗುರ್ತಿಸಾದು ಹೆಂಗೆ ಅಂತ ಹೇಳ್ಬೇಕಿತ್ತು. ನನಗೆ ಬರಲ್ಲ. ನನಗೆ ಬರೋದು ಹೇಳ್ತೀನಿ, ಕೇಳ್ತೀರೇನು?"

ಎದ್ದವರು ಕುಳಿತರು. ರಶ್ಮಿತಾ ದೂರದಲ್ಲಿ ಬಯಲನ್ನು ನೋಡುತ್ತ ಕುಳಿತಿದ್ದವಳು ತಿರುಗಲಿಲ್ಲ.

"ನೀವೆಲ್ಲ ಹಕ್ಕಿ ನೋಡಾಕೆ ಬರ್ತಿದ್ರಿ. ನಾನು ನಿಮ್ಮನ್ನ ನೋಡಾಕೆ ಬರ್ತಿದ್ದೆ" ಎಂದು ಹಾಲೇಶಪ್ಪ ಆರಂಭಿಸಿದ. "ಈ ದೀಪಿಕಾ ಅದಾಳಲ್ಲ, ಇವಳ ಕತ್ತು ಗಿಣಿ ಕತ್ತು. ಎಲೆ ಬಿದ್ರೂ ತಿರುಗ್ತೈತೆ. ಇವಳನ್ನ ನಂಬಿ ನಾನು ಎಷ್ಟೋ ಸಲ ಬರೀ ಓತಿಕ್ಯಾತ ತೋರ್ಸೀನಿ. ಚಿತ್ತಪ್ಪಂದು ಅವನ ಟೆಂಪೊ ಇದ್ದಂಗೆ. ಎಲ್ರೂ ತಿರುಗಿ, ನೋಡಿ, ಮುಗಿಸಿ ಮುಂದೆ ಹೋದಮ್ಯಾಲೆ ಇವನ ಕತ್ತು ಗೇರು ಹಾಕ್ತೈತೆ."

"ಲೇ ಹಾಲೇಶಾ!" ಎಂದ ಚಿತ್ತಪ್ಪ. ಬಾಯಿತುಂಬ ಮಂಡಕ್ಕಿಯಿತ್ತು.

"ಇರ್ಲಿ ಇರ್ಲಿ. ರಶ್ಮಿತವ್ವಂದು ಹಂಗಲ್ಲ. ಅವಳ ಕತ್ತು ತಿರುಗಾದೇ ಇಲ್ಲ. ಕಣ್ಣು ಮಾತ್ರ ಒಂಚೂರು ಸರೀತೈತೆ. ಹಕ್ಕಿ ಹೆದರಬಾರ್ದು ಅಂತ. ಅವಳ ಕಣ್ಣು ಸರೀತು ಅಂದ್ರೆ ಅಲ್ಲಿ ಹಕ್ಕಿ ಇದ್ದೇ ಐತೆ. ಒಂದು ಸಲನೂ ತಪ್ಪಿಲ್ಲ. ಮೇಕೆಮರಿ ಕೂಗಿದಾಗ ಅವಳ ಕಣ್ಣು ನೋಡಿದ್ರೆ ನನಗೆ ಗೊತ್ತಾಗ್ತಿತ್ತು. ಅವಸರಕ್ಕೆ ಬಿದ್ದು ನಿಮ್ಮನ್ನ ನೋಡಿ ಕೆಟ್ಟೆ."

ಎಲ್ಲರೂ ನಕ್ಕರು. ಹಾಲೇಶಪ್ಪ ನಗಲಿಲ್ಲ.

"ತಮಾಷೆಗೆ ಹೇಳ್ದೆ. ಆದ್ರೆ ಕೇಳಿಸ್ದೆ ಇದ್ದದ್ದನ್ನ ಕೇಳಿಸ್ತು ಅಂದೆ, ಹೆಸರು ಇಟ್ಟೆ. ಅದು ತಪ್ಪು. ನನ್ನಿಂದ ಆ ಹುಡುಗಿ ಮಾತು ಸುಳ್ಳಾಯ್ತು. ಮುಂದೆ ನಡೆಯೋ ಜಾಗ ಹೋಗ್ತೈತೆ ಅಂತ ಹೆದರ್ಕೊಂಡಿದ್ದೆ, ಅಷ್ಟೇ. ಈಗ ಹೋಯ್ತಲ್ಲ, ಇನ್ನು ಹೆದರ್ಕೆ ಇಲ್ಲ. ಹಿಂದೆನೇ ಬರ್ತೀನಿ. ಆದ್ರೆ ನೆರಳಿನಾಗೆ ಮಾತ್ರ ಕೂರಿಸ್ಬೇಡ್ರಿ. ತಗಡಿನ ನೆರಳಿನಾಗೆ ಬೇಕಾದಷ್ಟು ಕೂತೀನಿ."

ದೊಡ್ಡಪಾಲಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಹಾಲೇಶಣ್ಣಾ, ನೀವು ಹೇಳಿದ್ಮ್ಯಾಲೆ ನಂದೂ ಒಂದೈತೆ. ಹೇಳಿಬಿಡ್ತೀನಿ. ಈ ದುರ್ಬೀನು ಐತಲ್ಲ, ಇದ್ರಾಗೆ ನನಗೆ ಇವತ್ತಿನ ತನಕ ಒಂದು ಹಕ್ಕೀನೂ ಕಂಡಿಲ್ಲ."

"ಏನು!" ಎಂದರು ಮೊಳಕಾಲ್ಮೂರಿನವರು. ಅವನು ಅವರ ಮುಖಂಡ.

"ಬರೀ ನನ್ನ ಕಣ್ರೆಪ್ಪೆ ಕಾಣ್ತೈತೆ. ಎರಡು ಕರೀ ಗುಂಡಿ, ಮಧ್ಯ ರೆಪ್ಪೆ. ಮಗಳು ಪ್ರೀತಿಯಿಂದ ತಂದ್ಕೊಟ್ಟೈತೆ, ಕಾಣಲ್ಲ ಅಂತ ಹೆಂಗನ್ಲಿ? 'ಕಂಡ್ತಾ ಪಾಲಯ್ಯ' ಅಂತೀರಿ. 'ಆಹಾ, ಏನು ಬಣ್ಣ' ಅಂತೀನಿ."

ಈ ಸಲ ನಗು ಗುಡಿಯ ಗೋಡೆಗೆ ಬಡಿದು ತಿರುಗಿ ಬಂತು. ರಶ್ಮಿತಾಳಿಗೂ ತಡೆಯಲಾಗಲಿಲ್ಲ. ಎದ್ದು ಬಂದು ದೊಡ್ಡಪಾಲಯ್ಯನ ದುರ್ಬೀನನ್ನು ತೆಗೆದುಕೊಂಡು, ಎರಡು ಕೊಳವೆಗಳನ್ನೂ ಅವನ ಕಣ್ಣಿನ ಅಳತೆಗೆ ಹತ್ತಿರ ತಂದು, ಕೈಗೆ ಕೊಟ್ಟಳು. ಅವನು ಕಣ್ಣಿಗೆ ಹಿಡಿದು ಬಯಲಿನ ಮೇಲೆಲ್ಲ ಒಂದು ಸುತ್ತು ತಿರುಗಿಸಿದ. ಆಮೇಲೆ, "ಅಬ್ಬಾ, ಆ ಕಾಗೆ ಎಷ್ಟು ಚಂದ ಐತ್ರಿ" ಎಂದ.

ರಶ್ಮಿತಾ ಹಾಲೇಶಪ್ಪನ ಎದುರಿಗೆ, ತುಟಿ ಕಾಣುವಂತೆ ಬಂದು ನಿಂತಳು.

"ನೀವು ಕೇಳಿಸ್ತು ಅಂದಿದ್ದನ್ನೆಲ್ಲ ನಮ್ಮ ಬಳಗದ ಹಕ್ಕಿ ಪಟ್ಟಿಯಿಂದ ತೆಗೆದುಹಾಕ್ತೀನಿ. ಯಾರಿಗೆ ಹೇಳಿದ್ನೋ ಅವರಿಗೆಲ್ಲ ಅದು ತಪ್ಪು ಅಂತ ತಿಳಿಸ್ತೀನಿ."

"ತಿಳಿಸವ್ವ. ನನ್ನ ಹೆಸರು ಹೇಳೇ ತಿಳಿಸು."

"ಕಣ್ಣಿನಿಂದ ಕಂಡಿದ್ದು ಹಂಗೇ ಇರ್ತೈತೆ. ಅವೇ ಜಾಸ್ತಿ ಇದಾವೆ." ಅವಳು ತನ್ನ ದುರ್ಬೀನಿನ ದಾರ ಸರಿಮಾಡಿಕೊಂಡಳು. "ನನಗೆ ಸಿಟ್ಟು ಬಂದಿತ್ತು. ಇನ್ನೂ ಸ್ವಲ್ಪ ಐತೆ."

"ಇರಬೇಕಾದ್ದೇ."

"ಇಳಿಯುವಾಗ ನೀವೇ ಮುಂದೆ ನಡೀರಿ. ಕಾಣೋದನ್ನ ನಮಗಿಂತ ಮೊದ್ಲು ಕಾಣೋರು ನೀವು. ಕೇಳೋದು ನಾವು ಕೇಳ್ತೀವಿ. ಆದ್ರೆ ಒಂದು ಮಾತು. ಕೇಳಿಸ್ಲಿಲ್ಲ ಅಂದ್ರೆ 'ಕೇಳಿಸ್ಲಿಲ್ಲ' ಅನ್ನಬೇಕು. ಎಲ್ಲರ ಮುಂದೆ."

ಹಾಲೇಶಪ್ಪ ತಲೆಯಾಡಿಸಿದ. ಪಕ್ಕಕ್ಕೆ ತಿರುಗಿ, ಎಲೆಯಲ್ಲಿ ಉಳಿದಿದ್ದ ದೀಪಿಕಾಳ ಬಜ್ಜಿಯನ್ನು ಬಾಯಿಗೆ ಹಾಕಿಕೊಂಡ. ಮೆಣಸಿನಕಾಯಿ ಖಾರವಾಗಿತ್ತು, ಆದ್ದರಿಂದ ಕಣ್ಣಿನಲ್ಲಿ ನೀರು ಬಂದದ್ದನ್ನು ಯಾರೂ ಬೇರೆಯಾಗಿ ತಿಳಿಯಲಿಲ್ಲ.

ಇಳಿಯುವಾಗ ಬಿಸಿಲು ಬಂಡೆಗಳ ಸೊಂಟದವರೆಗೆ ಬಂದಿತ್ತು. ದೊಡ್ಡಪಾಲಯ್ಯ ದುರ್ಬೀನಿನಲ್ಲಿ ಕಂಡಕಂಡದ್ದನ್ನೆಲ್ಲ ನೋಡುತ್ತ, ಎರಡು ಸಲ ಚಿತ್ತಪ್ಪನ ಮೈಮೇಲೆ ಬಿದ್ದು ಬೈಸಿಕೊಂಡ. ಹಾಲೇಶಪ್ಪ ಎಲ್ಲರ ಮುಂದೆ ನೆಲ ನೋಡಿ, ಗಿಡ ನೋಡಿ, ನಿಧಾನವಾಗಿ ಇಳಿಯುತ್ತಿದ್ದ. ಒಂದು ತಿರುವಿನಲ್ಲಿ ರಶ್ಮಿತಾಳ ಕೈ ಅವನ ಭುಜದ ಮೇಲೆ ಬಿತ್ತು. ಅವನು ನಿಂತು ತಿರುಗಿದ. ಅವಳು ತುಟಿಯಿಂದ ಮಾತ್ರ, ಉಸಿರು ಬಿಡದೆ, ಏನೋ ಹೇಳಿದಳು. ಹಿಂದೆ ಎಲ್ಲರೂ ಕಾಲು ಎತ್ತಿದವರು ಎತ್ತಿದ ಹಾಗೆಯೇ ನಿಂತಿದ್ದರು. ಪಿಕಳಾರ ಹತ್ತಿರದಲ್ಲಿಯೇ ಎಲ್ಲಿಯೋ ಕೂಗುತ್ತಿತ್ತು.

ಹಾಲೇಶಪ್ಪನಿಗೆ ಕೊಟ್ಟ ಮಾತು ನೆನಪಾಯಿತು. ಎದೆಯೊಳಗೆ ಅಷ್ಟು ವರ್ಷ ಅದುಮಿಟ್ಟಿದ್ದ ಆ ಒಂದು ಮಾತನ್ನು ಅವನು ಮಿಲ್ಲಿನ ದನಿಯಲ್ಲಿ, ಎರಡು ಯಂತ್ರಗಳ ಆಚೆ ನಿಂತವನಿಗೂ ಮುಟ್ಟುವಂತೆ ಹೇಳಿದ.

"ನನಗೆ ಕೇಳಿಸ್ಲಿಲ್ಲಾ! ಎಲ್ಲೈತೆ?"

ಸೀತಾಫಲದ ಗಿಡದಿಂದ ಭರ್ರನೆ ಹಕ್ಕಿಯೊಂದು ಎದ್ದಿತು. ಬೂದು ಹಸಿರಿನ ಮೈ, ಅರಿಶಿನ ಬಳಿದಂಥ ಕೊರಳು. ಅವರ ತಲೆಗಳ ಮೇಲಿನಿಂದ ಹಾರಿ, ಬಿಸಿಲಿನಲ್ಲಿ ಒಮ್ಮೆ ಹೊಳೆದು, ಬಂಡೆಗಳ ಆಚೆ ಮರೆಯಾಯಿತು. ಹಿಂದಿದ್ದ ಕೊನೆಯವನಿಗೂ ಅದು ಕಂಡಿತು. ಗೇರು ಬೀಳುವ ಮುಂಚೆಯೇ ಚಿತ್ತಪ್ಪನಿಗೂ ಕಂಡಿತು.

"ಕಂಡೆ!" ಎಂದು ಹಾಲೇಶಪ್ಪ ಮತ್ತೆ ಕೂಗಿದ. ಮುಖವೆಲ್ಲ ನಗುವಾಗಿತ್ತು. "ಹಳದಿ ಕೊರಳು! ಈ ಸಲ ಊಹೆ ಅಲ್ಲವ್ವಾ, ಕಂಡೆ!"

ರಶ್ಮಿತಾ ಕಿವಿಯಿಂದ ಎರಡು ಕೈಗಳನ್ನೂ ತೆಗೆದಳು. ನಗು ಬರುತ್ತಿದ್ದ ಬಾಯಿಯನ್ನು ಬಿಗಿಮಾಡಿಕೊಂಡು, ಅವನಿಗೆ ತಿಳಿಯುವಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಮುಂದಿನ ಭಾನುವಾರದಿಂದ ಇಷ್ಟು ಜೋರಾಗಿ ಬೇಡ, ಹಾಲೇಶಣ್ಣ."